ಆಮದು ಬೀಜವನ್ನು ನಾವಾಗಿಯೇ ಏಕೆ ಪರೀಕ್ಷಿಸಬೇಕು

ಬೇರೆ ದೇಶದಿಂದ ಬಂದ ಬಿತ್ತನೆ ಬೀಜದ ಜೊತೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರವಿದ್ದರೆ ಆ ಬೀಜದಲ್ಲಿ ಯಾವ ರೋಗವೂ ಇಲ್ಲವೆಂದು ನಂಬುವವರೇ ಹೆಚ್ಚು. ಆ ಪತ್ರವನ್ನು ಓದಿ ನೋಡಿದರೆ ಅದು ಅಷ್ಟು ದೊಡ್ಡ ಭರವಸೆಯನ್ನು ಕೊಡುವುದಿಲ್ಲ ಎಂಬುದು ತಿಳಿಯುತ್ತದೆ. 1951ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ ಕೊಡಲಾಗುವ ಈ ಪ್ರಮಾಣಪತ್ರವು, ಆಮದು ಮಾಡಿಕೊಳ್ಳುವ ದೇಶ ತನ್ನ ಪಟ್ಟಿಯಲ್ಲಿ ಯಾವ ರೋಗ ಮತ್ತು ಕೀಟಗಳನ್ನು ಹೆಸರಿಸಿದೆಯೋ ಅವುಗಳಿಂದ ಈ ಸರಕು ಮುಕ್ತವೆಂದು ಪರಿಗಣಿಸಲಾಗಿದೆ ಎಂದಷ್ಟೇ ಹೇಳುತ್ತದೆ. ಪಟ್ಟಿಯಲ್ಲಿ ಇಲ್ಲದ ರೋಗದ ಬಗ್ಗೆ ಅದು ಖಚಿತ ಭರವಸೆಯನ್ನು ಕೊಡುವುದಿಲ್ಲ. ಪಟ್ಟಿಯಲ್ಲಿರುವ ರೋಗಕ್ಕಾದರೂ ಪ್ರತಿ ಸಲವೂ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆದಿರಬೇಕೆಂಬ ನಿಯಮವಿಲ್ಲ. ಅನೇಕ ಸಲ ಬೀಜ ಬೆಳೆದ ಹೊಲವನ್ನೋ ರವಾನೆಯಾಗಲಿರುವ ಸರಕನ್ನೋ ಕಣ್ಣಿನಿಂದ ತಪಾಸಣೆ ಮಾಡಿ ಪತ್ರ ಕೊಡಲಾಗುತ್ತದೆ. ಬೀಜದ ಸಿಪ್ಪೆಗೆ ಅಂಟಿಕೊಂಡ ವೈರಸ್ಸಾಗಲಿ, ಸಿಪ್ಪೆಯ ಒಳಗೆ ಸೇರಿದ ಬ್ಯಾಕ್ಟೀರಿಯವಾಗಲಿ ಕಣ್ಣಿಗೆ ಕಾಣುವಂಥದ್ದಲ್ಲ. ಸೋಂಕಿರುವ ಬೀಜವೂ ಸೋಂಕಿಲ್ಲದ ಬೀಜದಷ್ಟೇ ದುಂಡಗೆ, ಹೊಳಪಾಗಿ, ತೂಕವಾಗಿ ಇರಬಲ್ಲದು. ಚೆನ್ನಾಗಿ ಮೊಳಕೆಯನ್ನೂ ಒಡೆಯಬಲ್ಲದು.

ಆದ್ದರಿಂದ ಕಾನೂನು ಕೇಳಲಿ, ಬಿಡಲಿ, ಬೀಜ ತರಿಸುವವರು, ಮಾರುವವರು, ಸಸಿ ಬೆಳೆಸುವವರು ತಾವಾಗಿಯೇ ಮುಂದೆ ಬಂದು ಪ್ರತಿ ಲಾಟ್ (ಒಂದೇ ಸಂಖ್ಯೆಯಡಿ ಒಟ್ಟಾಗಿ ಬಂದ ಬೀಜದ ರಾಶಿ) ಬೀಜವನ್ನು ಬಿತ್ತುವ ಮೊದಲು ಪರೀಕ್ಷೆಗೆ ಕಳುಹಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದರೊಂದಿಗೆ ಇನ್ನೊಂದು ಮಾತನ್ನೂ ಸೇರಿಸಬೇಕಾಗುತ್ತದೆ: ಹಾಗೆ ಪರೀಕ್ಷಿಸಿ ರೋಗವನ್ನು ಕಂಡವನು ಅದನ್ನು ಹೇಳಿಕೊಂಡದ್ದಕ್ಕಾಗಿಯೇ ನಷ್ಟ ಅನುಭವಿಸುವಂತಿದ್ದರೆ ಈ ಸ್ವಯಂಪ್ರೇರಣೆ ಹೆಚ್ಚು ಕಾಲ ಉಳಿಯುವುದಿಲ್ಲ.

ಇಂದಿನ ತರಕಾರಿ ಬೀಜ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಒಂದೇ ದೇಶದ ಹೆಸರು ಹೇಳುವುದು ಕಷ್ಟ. ತಂದೆ ಮತ್ತು ತಾಯಿ ತಳಿಗಳನ್ನು ಒಂದು ದೇಶದಲ್ಲಿ ಅಭಿವೃದ್ಧಿಪಡಿಸಿ, ಕೈಯಿಂದ ಪರಾಗಸ್ಪರ್ಶ ಮಾಡಿಸುವ ಸಂಕರಣದ ಕೆಲಸವನ್ನು ಇನ್ನೊಂದು ದೇಶದಲ್ಲಿ ನಡೆಸಿ, ಸ್ವಚ್ಛಗೊಳಿಸಿ ಪೊಟ್ಟಣ ಕಟ್ಟುವುದನ್ನು ಮೂರನೆಯ ದೇಶದಲ್ಲಿ ಮಾಡಿ, ಅಲ್ಲಿಂದ ಹತ್ತಾರು ದೇಶಗಳಿಗೆ ಮರುರಫ್ತು ಮಾಡುವುದು ಈಗ ಸಾಮಾನ್ಯ ಪದ್ಧತಿಯಾಗಿದೆ. ಮೊದಲ ದೇಶದಿಂದ ಬೀಜ ಹೊರಟ ದಿನ, ಕೊನೆಗೆ ಅದು ಯಾವ ದೇಶದ ಮಣ್ಣಿಗೆ ಸೇರುತ್ತದೆ ಎಂಬುದು ಕಳುಹಿಸುವವರಿಗೂ ಗೊತ್ತಿರುವುದಿಲ್ಲ. ಹೀಗಾಗಿ ಆ ಕೊನೆಯ ದೇಶ ಬಯಸುವ ಪರೀಕ್ಷೆಯನ್ನು ಮೊದಲೇ ಮಾಡಿಸಿಡುವುದೂ ಆಗುವುದಿಲ್ಲ. ಮೇಲೆ ಹೇಳಿದ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ 2017ರಲ್ಲಿ ಅಂಗೀಕಾರವಾದ, ಬೀಜಗಳ ಅಂತರರಾಷ್ಟ್ರೀಯ ಸಾಗಣೆಗೆ ಸಂಬಂಧಿಸಿದ 38ನೆಯ ಮಾನದಂಡವು ಈ ತೊಡಕನ್ನು ಗುರುತಿಸಿದೆ. ಆದರೆ ಮಾನದಂಡವೊಂದು ಕಾಗದದ ಮೇಲೆ ಬಂದ ಮಾತ್ರಕ್ಕೆ ಪ್ರತಿ ಬಂದರಿನಲ್ಲಿಯೂ ಪರೀಕ್ಷೆ ನಡೆಯುತ್ತದೆ ಎಂದುಕೊಳ್ಳುವಂತಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದ ರೋಗ ಎಷ್ಟು ವೇಗವಾಗಿ ಪ್ರಪಂಚ ಸುತ್ತಬಲ್ಲದು ಎಂಬುದಕ್ಕೆ ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್‌ಗಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚುವುದಿಲ್ಲ. 2014ರ ಕೊನೆಯ ಭಾಗದಲ್ಲಿ ಇಸ್ರೇಲಿನಲ್ಲಿ, 2015ರಲ್ಲಿ ಜೋರ್ಡಾನಿನಲ್ಲಿ ಹಸಿರುಮನೆಯ ಟೊಮೆಟೊ ಗಿಡಗಳ ಎಲೆಗಳು ಬಣ್ಣಗೆಟ್ಟು ಸುರುಟಿಕೊಂಡು, ಹಣ್ಣಿನ ಮೇಲೆ ಕಂದು ಬಣ್ಣದ ಒರಟು ಕಲೆಗಳು ಕಾಣಿಸಿಕೊಂಡವು. ಟೊಮೆಟೊ ತಳಿಗಳಲ್ಲಿ ಹಲವು ದಶಕಗಳಿಂದ ಈ ಗುಂಪಿನ ವೈರಸ್ಸುಗಳನ್ನು ತಡೆದು ನಿಲ್ಲಿಸಿದ್ದ ನಿರೋಧಕ ಜೀನನ್ನು ಈ ಹೊಸ ವೈರಸ್ ದಾಟಿಬಿಟ್ಟಿತ್ತು. ಆಗ ಅದಕ್ಕೆ ಹೆಸರೇ ಇರಲಿಲ್ಲವಾದ್ದರಿಂದ ಯಾವ ದೇಶದ ಪಟ್ಟಿಯಲ್ಲಿಯೂ ಅದು ಇರಲು ಸಾಧ್ಯವಿರಲಿಲ್ಲ. 2018ರ ವೇಳೆಗೆ ಅದು ಜರ್ಮನಿ, ಮೆಕ್ಸಿಕೊ ಮತ್ತು ಇಟಲಿಯಲ್ಲಿ ಪತ್ತೆಯಾಯಿತು; ಮುಂದಿನ ಕೆಲವೇ ವರ್ಷಗಳಲ್ಲಿ ಏಷ್ಯಾ, ಯುರೋಪ್ ಮತ್ತು ಉತ್ತರ ಅಮೆರಿಕದ ಅನೇಕ ದೇಶಗಳಿಗೆ ಹಬ್ಬಿತು. ಐರೋಪ್ಯ ಒಕ್ಕೂಟ ತುರ್ತು ಕ್ರಮಗಳನ್ನು ಹೊರಡಿಸಿದ್ದು 2019ರಲ್ಲಿ, ಅಂದರೆ ರೋಗ ಮೊದಲು ಕಂಡ ಸುಮಾರು ಐದು ವರ್ಷಗಳ ಮೇಲೆ.

ಈ ವೈರಸ್ ಬೀಜದಲ್ಲಿ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಪರೀಕ್ಷೆಯ ಮಹತ್ವ ಅಲ್ಲಿಯೇ ಇದೆ. ಅದು ಭ್ರೂಣದ ಒಳಕ್ಕೆ ಹೋಗುವುದು ಕಂಡುಬಂದಿಲ್ಲ. ಮುಖ್ಯವಾಗಿ ಬೀಜದ ಸಿಪ್ಪೆಯ ಮೇಲೆ ಅಂಟಿಕೊಂಡಿರುತ್ತದೆ. ಬೀಜ ಮೊಳೆಯುವಾಗ, ಎಳೆಯ ಸಸಿ ಸಿಪ್ಪೆಯನ್ನು ನೂಕಿ ಮೇಲೇಳುವ ಹೊತ್ತಿಗೆ ಆಗುವ ಸೂಕ್ಷ್ಮ ಗಾಯಗಳ ಮೂಲಕ ಗಿಡದೊಳಗೆ ಸೇರುತ್ತದೆ. ಹೀಗೆ ಬೀಜದಿಂದ ಸಸಿಗೆ ದಾಟುವ ಪ್ರಮಾಣ ಬಹಳ ಕಡಿಮೆ. ಆದರೆ ಒಂದು ಸಸಿಗೆ ತಗುಲಿದರೆ ಸಾಕು, ಆಮೇಲೆ ಕೆಲಸ ಮಾಡುವವರ ಕೈ, ಚಾಕು, ಗಿಡಕ್ಕೆ ಕಟ್ಟಿದ ದಾರ, ಬಟ್ಟೆ, ತಟ್ಟೆ, ಪರಾಗಸ್ಪರ್ಶಕ್ಕೆ ಬಿಟ್ಟ ದುಂಬಿ ಇವೆಲ್ಲವೂ ಅದನ್ನು ಸಾಲಿನಿಂದ ಸಾಲಿಗೆ ಒಯ್ಯುತ್ತವೆ. ಬೀಜದಿಂದ ದಾಟುವುದು ಅಪರೂಪ ಎಂಬ ಮಾತನ್ನು ಕೇಳಿ ಸಮಾಧಾನಪಟ್ಟುಕೊಳ್ಳುವವರು ಈ ಎರಡನೆಯ ಹಂತವನ್ನು ಮರೆಯುತ್ತಾರೆ. ಬೀಜದ ಪಾತ್ರ ರೋಗವನ್ನು ಹೊಸ ಊರಿಗೆ ತಲುಪಿಸುವುದಷ್ಟೇ; ಅಲ್ಲಿ ಅದನ್ನು ಹರಡುವ ಕೆಲಸವನ್ನು, ತಿಳಿಯದೆಯೇ, ನಾವು ಮಾಡುತ್ತೇವೆ.

ಕಲ್ಲಂಗಡಿಯ ಬ್ಯಾಕ್ಟೀರಿಯಾ ಹಣ್ಣು ಮಚ್ಚೆ ರೋಗದ ಚರಿತ್ರೆ ಇದಕ್ಕಿಂತ ಹಳೆಯದು. 1965ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗ್ರಿಫಿನ್‌ನಲ್ಲಿರುವ ಸಸ್ಯ ಪರಿಚಯ ಕೇಂದ್ರದಲ್ಲಿ, ಟರ್ಕಿಯಿಂದ ತರಿಸಿದ ಕಲ್ಲಂಗಡಿ ಬೀಜದ ಸಸಿಗಳಲ್ಲಿ ಬೀಜದಿಂದ ಬರುವ ಒಂದು ಬ್ಯಾಕ್ಟೀರಿಯಾ ರೋಗ ಕಂಡುಬಂದಿತ್ತು ಮತ್ತು ಅದನ್ನು ದಾಖಲಿಸಲಾಗಿತ್ತು. 1989ರಲ್ಲಿ ಫ್ಲಾರಿಡಾ ಮೊದಲಾದ ರಾಜ್ಯಗಳ ವಾಣಿಜ್ಯ ಹೊಲಗಳಲ್ಲಿ ಹಣ್ಣುಗಳ ಮೇಲೆ ನೀರುಗಟ್ಟಿದಂತಹ ಕಡುಹಸಿರು ಮಚ್ಚೆಗಳು ಕಾಣಿಸಿಕೊಂಡು, ಕೊಯ್ಲಿಗೆ ಬಂದ ಫಸಲು ಹೊಲದಲ್ಲಿಯೇ ಕೊಳೆಯಿತು. 1990ರ ದಶಕದ ನಡುಭಾಗದಲ್ಲಿ ಬೆಳೆಗಾರರು ಬೀಜ ಕಂಪನಿಗಳ ವಿರುದ್ಧ ದಾವೆ ಹೂಡಿದರು, ಕೆಲವು ಕಂಪನಿಗಳು ಕಲ್ಲಂಗಡಿ ಬೀಜದ ಮಾರಾಟವನ್ನೇ ಕೆಲಕಾಲ ನಿಲ್ಲಿಸಿದವು. ಅದಾದ ಮೇಲೆ ಸಾವಿರಾರು ಬೀಜಗಳನ್ನು ಹಸಿರುಮನೆಯಲ್ಲಿ ಬಿತ್ತಿ, ಹೆಚ್ಚು ತೇವ ಮತ್ತು ಬಿಸಿಯಲ್ಲಿಟ್ಟು ಸಸಿಗಳನ್ನು ಒಂದೊಂದಾಗಿ ಪರಿಶೀಲಿಸುವ ಪರೀಕ್ಷೆ ಆ ಉದ್ಯಮದಲ್ಲಿ ರೂಢಿಯಾಯಿತು. 1965ರ ಆ ದಾಖಲೆಗೂ 1989ರ ಹಾನಿಗೂ ನೇರ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ಬೀಜದಲ್ಲಿ ಇಂಥದ್ದೊಂದು ಬರಬಹುದೆಂಬ ತಿಳಿವಳಿಕೆ ಇದ್ದೂ, ಅದನ್ನು ಹುಡುಕುವ ಅಭ್ಯಾಸ ಬರಲು ಮೊದಲು ಹೊಲಗಳು ಹಾಳಾಗಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನು ಎಷ್ಟು ಬೀಜ ಪರೀಕ್ಷಿಸಬೇಕು ಎಂಬ ಪ್ರಶ್ನೆ. ಪರೀಕ್ಷೆಯ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದಿರುವುದನ್ನು ಓದುವಾಗ ಅದರ ಪಕ್ಕದಲ್ಲಿರುವ ಬೀಜಗಳ ಸಂಖ್ಯೆಯನ್ನು ಓದದಿದ್ದರೆ ಆ ವರದಿಗೆ ಅರ್ಥವೇ ಇರುವುದಿಲ್ಲ. ಸಾವಿರಕ್ಕೆ ಒಂದು ಬೀಜದಲ್ಲಿ ಸೋಂಕಿರುವ ಲಾಟ್‌ನಿಂದ, ಮೊಳಕೆ ಪರೀಕ್ಷೆಯಲ್ಲಿ ರೂಢಿಯಲ್ಲಿರುವಂತೆ 400 ಬೀಜಗಳನ್ನು ತೆಗೆದು ನೋಡಿದರೆ, ಆ 400ರಲ್ಲಿ ಸೋಂಕಿನ ಬೀಜ ಒಂದೂ ಇಲ್ಲದಿರುವ ಸಂಭವ ಶೇಕಡ 67ರಷ್ಟಿರುತ್ತದೆ. ಅಂದರೆ ಮೂರರಲ್ಲಿ ಎರಡು ಸಲ ರೋಗವಿದ್ದೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಅದೇ ಲಾಟ್‌ನಿಂದ 3,000 ಬೀಜ ತೆಗೆದರೆ ಆ ಸಂಭವ ಶೇಕಡ 5ಕ್ಕೆ ಇಳಿಯುತ್ತದೆ. ಹತ್ತು ಸಾವಿರಕ್ಕೆ ಒಂದು ಬೀಜದ ಸೋಂಕನ್ನು ಅಷ್ಟೇ ಖಚಿತವಾಗಿ ಹಿಡಿಯಬೇಕಾದರೆ 30,000 ಬೀಜ ಬೇಕು. ಸರಳವಾಗಿ ಹೇಳುವುದಾದರೆ, ಮೂರನ್ನು ಪರೀಕ್ಷಿಸಿದ ಬೀಜಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಆ ಪರೀಕ್ಷೆ ಶೇಕಡ 95ರ ಖಚಿತತೆಯಲ್ಲಿ ಹಿಡಿಯಬಲ್ಲ ಕನಿಷ್ಠ ಸೋಂಕಿನ ಪ್ರಮಾಣ.

ಹತ್ತು ಸಾವಿರಕ್ಕೆ ಒಂದು ಎಂಬುದು ಲೆಕ್ಕಕ್ಕೆ ಹಿಡಿಯಬೇಕಾದ ಪ್ರಮಾಣವೇ ಎಂದು ಕೇಳಬಹುದು. ಅದು ಬೆಳೆ ಮತ್ತು ರೋಗದ ಮೇಲೆ ಹೋಗುತ್ತದೆ. ಎಲೆಕೋಸಿನ ಕಪ್ಪು ಕೊಳೆ ರೋಗದಲ್ಲಿ ಅದು ಖಂಡಿತವಾಗಿಯೂ ಮುಖ್ಯ, ಏಕೆಂದರೆ ಒತ್ತಾಗಿ ಬೆಳೆದ ಸಸಿಮಡಿಯ ಮೇಲಿನಿಂದ ನೀರು ಚಿಮುಕಿಸಿದಾಗ ಒಂದು ರೋಗದ ಸಸಿಯಿಂದ ಸುತ್ತಲಿನ ಸಸಿಗಳಿಗೆ ಬ್ಯಾಕ್ಟೀರಿಯಾ ಸಿಡಿಯುತ್ತದೆ. ಹೀಗಾಗಿಯೇ ಆ ರೋಗಕ್ಕೆ 30,000 ಬೀಜಗಳನ್ನು ಹತ್ತು ಹತ್ತು ಸಾವಿರದ ಮೂರು ಭಾಗ ಮಾಡಿ ಪರೀಕ್ಷಿಸುವ ಪದ್ಧತಿ ಬಂದಿದೆ. ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯಲ್ಲಿ ಲೆಟ್ಯೂಸ್ ಬೆಳೆಗಾರರು ಮೊಸಾಯಿಕ್ ವೈರಸ್ಸಿನ ವಿಷಯದಲ್ಲಿ ಒಪ್ಪಿಕೊಂಡ ಮಿತಿಯೂ 30,000 ಬೀಜಗಳಲ್ಲಿ ಸೋಂಕಿನದು ಸೊನ್ನೆ. ಅಲ್ಲಿ ಸಸ್ಯಹೇನುಗಳು ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆಯಾದ್ದರಿಂದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ರೋಗದ ಗಿಡ ಇದ್ದರೂ ಇಡೀ ಬೆಳೆಗೆ ಅಪಾಯ. ಗಾಳಿಯಲ್ಲೋ ಕೀಟದಿಂದಲೋ ಹರಡದ, ಹೊಲದಲ್ಲಿ ನಿಧಾನವಾಗಿ ಸರಿಯುವ ರೋಗಕ್ಕೆ ಇಷ್ಟು ಬಿಗಿಯಾದ ಮಿತಿ ಬೇಕಾಗುವುದಿಲ್ಲ. ಎಲ್ಲ ಬೆಳೆಗೂ ಒಂದೇ ಸಂಖ್ಯೆಯನ್ನು ಹೇರುವವರ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಪರೀಕ್ಷಾ ವಿಧಾನಗಳ ಬಗ್ಗೆ ಹೇಳಲು ಬಹಳವಿದೆಯಾದರೂ ತರಿಸುವವರು ತಿಳಿದಿರಬೇಕಾದದ್ದು ಕೆಲವೇ ವಿಷಯ. ಒದ್ದೆ ಮಾಡಿದ ಹೀರುಕಾಗದದ ಮೇಲೆ ಬೀಜಗಳನ್ನಿಟ್ಟು, ಬೆಳೆದ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಹಳೆಯ ವಿಧಾನ ಈಗಲೂ ಶಿಲೀಂಧ್ರ ರೋಗಗಳಿಗೆ ಬಹಳ ಉಪಯುಕ್ತ ಮತ್ತು ಖರ್ಚು ಕಡಿಮೆ. ಬ್ಯಾಕ್ಟೀರಿಯಾಕ್ಕೆ ಬೀಜ ತೊಳೆದ ನೀರನ್ನು ಆಯ್ದ ಪೋಷಕ ಮಾಧ್ಯಮದ ಮೇಲೆ ಹರಡಿ ಬೆಳೆಸುತ್ತಾರೆ. ವೈರಸ್ಸಿಗೆ, ಅದರ ಪ್ರೋಟೀನನ್ನು ಪ್ರತಿಕಾಯಗಳಿಂದ ಗುರುತಿಸುವ ಎಲೈಸಾ ಮತ್ತು ಅದರ ಆನುವಂಶಿಕ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆಮಾಡುವ ಪಿಸಿಆರ್ ಬಳಕೆಯಲ್ಲಿವೆ. ಪಿಸಿಆರ್ ಅತ್ಯಂತ ಸೂಕ್ಷ್ಮವಾದದ್ದು, ಆದರೆ ಅದು ರೋಗಾಣುವಿನ ಆನುವಂಶಿಕ ತುಣುಕನ್ನು ಕಾಣುತ್ತದೆಯೇ ಹೊರತು ಆ ರೋಗಾಣು ಜೀವಂತವಾಗಿದೆಯೇ ಎಂಬುದನ್ನು ಹೇಳುವುದಿಲ್ಲ. ಸೋಂಕು ನಿವಾರಣೆ ಮಾಡಿದ ಬೀಜದ ಮೇಲೆ ಉಳಿದ ಸತ್ತ ರೋಗಾಣುವೂ ಪಿಸಿಆರ್‌ನಲ್ಲಿ ‘ಇದೆ’ ಎಂದು ತೋರಬಹುದು. ಅಂಥ ಸಂದರ್ಭದಲ್ಲಿ ಬೀಜದ ಸಾರವನ್ನು ಸೂಚಕ ತಂಬಾಕು ಗಿಡದ ಎಲೆಗೆ ಉಜ್ಜಿ ಕಲೆಗಳು ಮೂಡುತ್ತವೆಯೇ ಎಂದು ನೋಡುವ ಜೈವಿಕ ಪರೀಕ್ಷೆಯಿಂದ ಸತ್ಯ ತಿಳಿಯುತ್ತದೆ. ಒಂದೇ ವರದಿಯ ಆಧಾರದ ಮೇಲೆ ಲಾಟನ್ನೆಲ್ಲ ಸುಟ್ಟುಹಾಕುವ ಆತುರವೂ ಬೇಡ, ದೃಢೀಕರಣ ಬರುವ ಮೊದಲೇ ಬಿತ್ತುವ ಆತುರವಂತೂ ಬೇಡವೇ ಬೇಡ.

ಸೋಂಕು ಕಂಡ ಬೀಜವೆಲ್ಲ ವ್ಯರ್ಥವೆಂದೂ ಅಲ್ಲ. ಎಲೆಕೋಸಿನ ಬೀಜವನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25ರಿಂದ 30 ನಿಮಿಷ ಇಟ್ಟರೆ ಕಪ್ಪು ಕೊಳೆಯ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಸಾಯುತ್ತದೆ. ಟೊಮೆಟೊ ಬೀಜದ ಮೇಲಿನ ವೈರಸ್ಸಿಗೆ ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದ ಉಪಚಾರವಿದೆ. ಸೌತೆ, ಕಲ್ಲಂಗಡಿ, ಹುರುಳಿಕಾಯಿಯಂತಹ ದೊಡ್ಡ ಬೀಜಗಳು ಬಿಸಿನೀರನ್ನು ತಡೆದುಕೊಳ್ಳುವುದಿಲ್ಲ, ಅವುಗಳ ಮೊಳಕೆಯೊಡೆಯುವ ಶಕ್ತಿ ಕುಗ್ಗುತ್ತದೆ. ಉಪಚಾರ ಪೂರ್ತಿ ಫಲ ಕೊಟ್ಟಿತೇ ಎಂದು ತಿಳಿಯಲು ಮತ್ತೊಮ್ಮೆ ಪರೀಕ್ಷೆಯೇ ಬೇಕು.

ಸ್ವಯಂಪ್ರೇರಿತ ಪರೀಕ್ಷೆ ಎಂಬುದು ಹೊಸ ಕಲ್ಪನೆಯೇನಲ್ಲ. 1993ರಲ್ಲಿ ತರಕಾರಿ ಬೀಜ ಉದ್ಯಮವೇ ಮುಂದೆ ಬಂದು ಅಂತರರಾಷ್ಟ್ರೀಯ ಬೀಜ ಆರೋಗ್ಯ ಉಪಕ್ರಮವನ್ನು ಆರಂಭಿಸಿ, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದೇ ರೀತಿಯ ಉತ್ತರ ಬರುವಂತಹ ಪರೀಕ್ಷಾ ವಿಧಾನಗಳನ್ನು ರೂಪಿಸತೊಡಗಿತು. ಟೊಮೆಟೊದ ಬ್ಯಾಕ್ಟೀರಿಯಾ ಕ್ಯಾಂಕರ್ ರೋಗವನ್ನು ತಡೆಯಲು ನೆದರ್ಲೆಂಡ್ಸ್ ಮತ್ತು ಫ್ರಾನ್ಸಿನ ಬೀಜ ಹಾಗೂ ಸಸಿ ಉತ್ಪಾದಕರು ಜಿಎಸ್‌ಪಿಪಿ (ಉತ್ತಮ ಬೀಜ ಮತ್ತು ಸಸಿ ಪದ್ಧತಿಗಳು) ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದಾರೆ. ಅದರಲ್ಲಿ ಬೀಜ ಬೆಳೆಯುವ ಜಾಗಕ್ಕೆ ಬರುವ ಜನ, ನೀರು, ಸಲಕರಣೆ, ಗಿಡ ಈ ಎಲ್ಲದರ ಮೇಲೂ ನಿಗಾ ಇರುತ್ತದೆ. ಯಾವ ಸರ್ಕಾರವೂ ಇದನ್ನು ಕಡ್ಡಾಯ ಮಾಡಿರಲಿಲ್ಲ, ತಮ್ಮ ನಡುವಿನ ಒಬ್ಬರ ಅಜಾಗರೂಕತೆ ಎಲ್ಲರ ಹಸಿರುಮನೆಗೂ ತಟ್ಟುತ್ತದೆಂಬ ಅನುಭವವೇ ಅವರನ್ನು ಒಂದುಗೂಡಿಸಿತು. ಇಂಥ ವ್ಯವಸ್ಥೆಗಳು ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುವಂತಿವೆ ಎಂಬ ಕೊರಗು ನನಗಿದೆ. ಸಣ್ಣ ಪ್ರಮಾಣದಲ್ಲಿ ಬೀಜ ತರಿಸುವವನಿಗೆ ಒಂದು ಲಾಟ್‌ನ ಪರೀಕ್ಷಾ ಶುಲ್ಕವೇ ಅವನ ಲಾಭವನ್ನು ನುಂಗಿಬಿಡಬಹುದು. ಹಲವು ಸಣ್ಣ ಆಮದುದಾರರು ಮತ್ತು ಸಸ್ಯಪಾಲಕರು ಸೇರಿ ಒಂದು ಪ್ರಯೋಗಾಲಯದೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಇದಕ್ಕೆ ಒಂದು ದಾರಿ. ಶುಲ್ಕದ ಒಂದು ಭಾಗವನ್ನು ಸಾರ್ವಜನಿಕ ಹಣದಿಂದ ಭರಿಸುವುದು ಇನ್ನೊಂದು. ಹೊಸ ರೋಗ ನೆಲೆಯೂರಿದ ಮೇಲೆ ಮಾಡಬೇಕಾದ ಖರ್ಚಿನ ಮುಂದೆ ಈ ಸಹಾಯಧನ ಬಹಳ ಚಿಕ್ಕದು.

ಹಣಕ್ಕಿಂತ ದೊಡ್ಡ ಅಡ್ಡಿ ಭಯ. ಪರೀಕ್ಷೆಯಲ್ಲಿ ಅಧಿಸೂಚಿತ ರೋಗ ಕಂಡುಬಂದರೆ ಅದನ್ನು ಅಧಿಕಾರಿಗಳಿಗೆ ತಿಳಿಸುವುದು ಅನೇಕ ದೇಶಗಳಲ್ಲಿ ಕಾನೂನಿನ ಪ್ರಕಾರ ಕಡ್ಡಾಯ. ತಿಳಿಸಿದ ಮರುದಿನವೇ ಬೀಜ ಜಪ್ತಿಯಾಗಬಹುದು, ಸಸಿಮಡಿಗೆ ಬೀಗ ಬೀಳಬಹುದು, ಗಿರಾಕಿಗಳು ದೂರವಾಗಬಹುದು. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಕ್ಯಾಥರಿನ್ ಬಳಿ ಕಲ್ಲಂಗಡಿಯಲ್ಲಿ ಸೌತೆಯ ಹಸಿರು ಮಚ್ಚೆ ಮೊಸಾಯಿಕ್ ವೈರಸ್ ಪತ್ತೆಯಾದಾಗ, ರೋಗ ಕಂಡ ತೋಟಗಳ ಬೆಳೆಯನ್ನು ನಾಶಪಡಿಸಿ, ಅಲ್ಲಿ ಮತ್ತೆ ಅದೇ ಜಾತಿಯ ಬೆಳೆ ಇಡದಂತೆ ನಿರ್ಬಂಧಿಸಲಾಯಿತು. ಮುಂದೆ ಆ ವೈರಸ್ಸನ್ನು ನಿರ್ಮೂಲ ಮಾಡುವುದು ಸಾಧ್ಯವಿಲ್ಲವೆಂದು ತೀರ್ಮಾನವಾಗಿ, ಅದರೊಂದಿಗೆ ಬಾಳುವ ಕ್ರಮಗಳಿಗೆ ಬದಲಾಯಿಸಿಕೊಳ್ಳಬೇಕಾಯಿತು; ಆ ದೇಶಕ್ಕೆ ಬರುವ ಸೌತೆ, ಕಲ್ಲಂಗಡಿ ಜಾತಿಯ ಬೀಜಗಳಿಗೆ ಆಮದಿನ ಹಂತದಲ್ಲಿಯೇ ಕಡ್ಡಾಯ ಪರೀಕ್ಷೆಯೂ ಬಂತು. ಇಂಥದ್ದನ್ನು ಕಣ್ಣಾರೆ ಕಂಡ ಬೆಳೆಗಾರನಿಗೆ ‘ನೀನಾಗಿಯೇ ಪರೀಕ್ಷಿಸು’ ಎಂದು ಹೇಳುವುದು ಸುಲಭವಲ್ಲ. ಪರೀಕ್ಷಿಸದಿದ್ದರೆ ತನಗೆ ಗೊತ್ತಿರಲಿಲ್ಲ ಎಂದಾದರೂ ಹೇಳಬಹುದಲ್ಲ ಎಂಬ ಯೋಚನೆ ಅವನಿಗೆ ಬಂದರೆ ತಪ್ಪು ಅವನೊಬ್ಬನದಲ್ಲ, ಹಾಗೆ ಯೋಚಿಸುವಂತೆ ಮಾಡಿದ ವ್ಯವಸ್ಥೆಯದೂ ಹೌದು.

ಇದಕ್ಕೆ ಪರಿಹಾರವೇನು ಎಂಬುದರ ಒಂದು ಮಾದರಿಯೂ ಆಸ್ಟ್ರೇಲಿಯಾದಲ್ಲಿಯೇ ಇದೆ. 2005ರಿಂದ ಜಾರಿಯಲ್ಲಿರುವ ತುರ್ತು ಸಸ್ಯ ಪೀಡೆ ಒಪ್ಪಂದದ ಪ್ರಕಾರ, ಒಪ್ಪಿತವಾದ ನಿರ್ಮೂಲನ ಯೋಜನೆಯಡಿ ಬೆಳೆ ಕಳೆದುಕೊಂಡ ಬೆಳೆಗಾರನಿಗೆ ವೆಚ್ಚ ಮರುಪಾವತಿಯಾಗುತ್ತದೆ; ಆ ಹೊರೆಯನ್ನು ಸರ್ಕಾರಗಳು ಮತ್ತು ಉದ್ಯಮ ಹಂಚಿಕೊಳ್ಳುತ್ತವೆ. ರೋಗವನ್ನು ಬೇಗ ತಿಳಿಸಿದವನು ಒಬ್ಬಂಟಿಯಾಗಿ ಬೆಲೆ ತೆರಬಾರದು ಎಂಬುದೇ ಅದರ ಹಿಂದಿನ ತತ್ವ. ಅದೇ ತತ್ವವನ್ನು ಬೀಜದ ಹಂತಕ್ಕೂ ತರಬೇಕು ಎಂದು ನಾನು ಬಯಸುತ್ತೇನೆ: ಬಿತ್ತುವ ಮೊದಲು ಸ್ವಂತ ಇಚ್ಛೆಯಿಂದ ಪರೀಕ್ಷೆ ಮಾಡಿಸಿ ರೋಗವನ್ನು ತಿಳಿಸಿದವರಿಗೆ ದಂಡ ಇರಬಾರದು, ಲಾಟನ್ನು ಹಿಂದಿರುಗಿಸಿ ಹಣ ಮರಳಿ ಪಡೆಯುವ ಷರತ್ತು ಖರೀದಿ ಪತ್ರದಲ್ಲಿಯೇ ಇರಬೇಕು, ಅವರ ಹೆಸರನ್ನು ಹೊರಹಾಕದೆ ರೋಗದ ಮತ್ತು ಲಾಟ್‌ನ ಮಾಹಿತಿಯನ್ನು ಮಾತ್ರ ಉಳಿದ ಆಮದುದಾರರಿಗೆ ತಲುಪಿಸಬೇಕು. ಮಾಹಿತಿ ಬೇಗ ಹಂಚಿಕೊಂಡರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 15,000 ಹೆಕ್ಟೇರ್ ಗೋಧಿಗೆ ಬೆಂಕಿರೋಗ ತಗುಲಿದಾಗ ಕಂಡೆವು. ಸಂಶೋಧಕರು ಆನುವಂಶಿಕ ಮಾಹಿತಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಎಲ್ಲರಿಗೂ ತೆರೆದಿಟ್ಟಿದ್ದರಿಂದ, ಅದು ದಕ್ಷಿಣ ಅಮೆರಿಕದ ಗೋಧಿಯಲ್ಲಿದ್ದ ರೋಗಾಣುವಿನ ವಂಶದ್ದೇ ಎಂಬುದು ಬಹುಬೇಗ ತಿಳಿಯಿತು.

ಅಂಚೆಯಲ್ಲಿ ಬರುವ ಸಣ್ಣ ಪೊಟ್ಟಣಗಳ ವಿಷಯ ಬೇರೆಯೇ. 2020ರಲ್ಲಿ ಅಮೆರಿಕದ ಎಲ್ಲ 50 ರಾಜ್ಯಗಳ ಜನರಿಗೆ ತಾವು ಕೇಳಿರದ ಬೀಜದ ಪೊಟ್ಟಣಗಳು ವಿದೇಶದಿಂದ ಬಂದಾಗ, ಅವನ್ನು ಬಿತ್ತಬೇಡಿ, ಕಸಕ್ಕೂ ಎಸೆಯಬೇಡಿ, ಕೃಷಿ ಇಲಾಖೆಗೆ ಒಪ್ಪಿಸಿ ಎಂದು ಅಲ್ಲಿನ ಅಧಿಕಾರಿಗಳು ಕೇಳಿಕೊಂಡರು. ಹವ್ಯಾಸಕ್ಕಾಗಿ ತಾವೇ ತರಿಸುವ ಅಪರೂಪದ ತಳಿಗಳಿಗೂ ಅದೇ ಎಚ್ಚರ ಬೇಕು. ಇಪ್ಪತ್ತು ಬೀಜಗಳಿರುವ ಪೊಟ್ಟಣವನ್ನು ಅರೆದು ಪರೀಕ್ಷಿಸಿದರೆ ಬಿತ್ತಲು ಏನೂ ಉಳಿಯುವುದಿಲ್ಲ. ಅಲ್ಲಿ ಸಾಧ್ಯವಿರುವುದು ಬೀಜಗಳನ್ನು ಉಳಿದ ಗಿಡಗಳಿಂದ ದೂರವಾಗಿ, ಪ್ರತ್ಯೇಕ ಮಣ್ಣು, ಪ್ರತ್ಯೇಕ ಸಲಕರಣೆಗಳೊಂದಿಗೆ ಬೆಳೆಸಿ, ಗಿಡದ ಎಲೆಗಳನ್ನು ಪರೀಕ್ಷೆಗೆ ಕಳುಹಿಸುವುದು. ಫಲಿತಾಂಶ ಬರುವವರೆಗೆ ಆ ಗಿಡದ ಬೀಜವನ್ನು ಸ್ನೇಹಿತರಿಗೆ ಹಂಚದಿರುವುದು. ಬೀಜ ವಿನಿಮಯದ ಸಂತೋಷ ನನಗೂ ಪ್ರಿಯವಾದದ್ದೇ, ಅದಕ್ಕಾಗಿಯೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ದೊಡ್ಡ ಲಾಟ್ ತರಿಸುವವರು ಮಾದರಿಯನ್ನು ತೆಗೆಯುವ ರೀತಿಗೆ ಗಮನ ಕೊಡಬೇಕು. ಚೀಲದ ಬಾಯಿಯಿಂದ ಒಂದು ಹಿಡಿ ಬೀಜ ತೆಗೆದು ಕಳುಹಿಸಿದರೆ ಅದು ಆ ಲಾಟ್‌ನ ಮಾದರಿಯಾಗುವುದಿಲ್ಲ. ಸೋಂಕು ಎಲ್ಲ ಚೀಲಗಳಲ್ಲಿಯೂ ಸಮವಾಗಿ ಹರಡಿರುವುದಿಲ್ಲವಾದ್ದರಿಂದ ಹಲವು ಚೀಲಗಳ ಮೇಲ್ಭಾಗ, ನಡುಭಾಗ, ತಳಭಾಗಗಳಿಂದ ತೆಗೆದ ಬೀಜವನ್ನು ಚೆನ್ನಾಗಿ ಬೆರೆಸಿ, ಅದರಿಂದ ಮಾದರಿ ಮಾಡಬೇಕು. ಔಷಧ ಲೇಪಿಸಿದ ಅಥವಾ ಗುಳಿಗೆಯ ರೂಪಕ್ಕೆ ತಂದ ಬೀಜದಲ್ಲಿ ಲೇಪನವೇ ಪರೀಕ್ಷೆಗೆ ಅಡ್ಡಿಯಾಗುತ್ತದೆಯಾದ್ದರಿಂದ ಲೇಪನಕ್ಕೆ ಮುಂಚಿನ ಬೀಜದ ಮಾದರಿಯನ್ನೂ ಅದರ ವರದಿಯನ್ನೂ ಮಾರುವವರಿಂದ ಕೇಳಿ ಪಡೆಯಬೇಕು. ಕೊಡಲು ಒಪ್ಪದ ಮಾರಾಟಗಾರನಿಂದ ಬೀಜ ಕೊಳ್ಳದಿರುವುದೇ ಲೇಸು. ಕಳುಹಿಸಿದ ಮಾದರಿಯಷ್ಟೇ ಇನ್ನೊಂದು ಮಾದರಿಯನ್ನು ಮೊಹರು ಮಾಡಿ, ಲಾಟ್ ಸಂಖ್ಯೆ, ಬಂದ ದಿನಾಂಕ, ಬೀಜ ಬೆಳೆದ ದೇಶ ಈ ಮೂರನ್ನು ಬರೆದು, ಒಣ ಮತ್ತು ತಂಪಾದ ಜಾಗದಲ್ಲಿ ಆ ಬೆಳೆಯ ಕೊಯ್ಲು ಮುಗಿಯುವವರೆಗೂ ಕಾಪಾಡಬೇಕು. ಹೊಲದಲ್ಲಿ ಮುಂದೆ ಯಾವುದಾದರೂ ಅಪರಿಚಿತ ರೋಗ ಕಾಣಿಸಿಕೊಂಡರೆ, ಅದು ಬೀಜದಿಂದ ಬಂತೋ ಪಕ್ಕದ ತೋಟದಿಂದ ಬಂತೋ ಎಂಬುದನ್ನು ತಿಳಿಯಲು ಆ ಮೊಹರಾದ ಮಾದರಿಯ ಪರೀಕ್ಷೆಯೇ ಮೊದಲ ಆಧಾರ.